ಲೆಕ್ಕದ ಮೇಜಿಗೆ ಮೂರು ಪರದೆ: ಲ್ಯಾಪ್‌ಟಾಪ್ ಡಾಕಿಂಗ್ ಸ್ಟೇಷನ್‌ನ ಆಯ್ಕೆ ಮತ್ತು ಬಳಕೆ

ಒಂದು ಕಾಲಕ್ಕೆ ಸಿಂಧನೂರಿನ ದಲಾಲಿ ಅಂಗಡಿಯಲ್ಲಾಗಲಿ, ಮಸ್ಕಿಯ ಸಗಟು ವ್ಯಾಪಾರಿಯ ಗಾದಿಯ ಮೇಲಾಗಲಿ, ಲೆಕ್ಕ ಬರೆಯುವ ಗುಮಾಸ್ತನ ಮುಂದೆ ಮೂರು ದಾಖಲೆಗಳು ಒಟ್ಟಿಗೆ ತೆರೆದಿರುತ್ತಿದ್ದವು. ಎಡಕ್ಕೆ ರೋಜು ಕೀರ್ದಿ, ನಡುವೆ ಖಾತೆ ಪುಸ್ತಕ, ಬಲಕ್ಕೆ ಬಿಲ್ಲುಗಳ ಕಟ್ಟು. ಬೆರಳು ಒಂದರ ಮೇಲೆ, ಕಣ್ಣು ಇನ್ನೊಂದರ ಮೇಲೆ ಇರುತ್ತಿದ್ದುದರಿಂದ ಅಂಕಿಯಲ್ಲಿ ವ್ಯತ್ಯಾಸವಿದ್ದರೆ ಅಲ್ಲಿಯೇ ಕಾಣುತ್ತಿತ್ತು. ಗಣಕಯಂತ್ರ ಬಂದ ಮೇಲೆ ಬರವಣಿಗೆ ಕಡಿಮೆಯಾಯಿತು, ಕೂಡಿಸುವ ತಪ್ಪುಗಳು ಇಲ್ಲವಾದವು. ಆದರೆ ಮೂರು ಪುಸ್ತಕಗಳು ಹದಿನೈದು ಅಂಗುಲದ ಒಂದೇ ಪರದೆಯೊಳಗೆ ಒಂದರ ಹಿಂದೆ ಒಂದು ಅಡಗಿ ಕುಳಿತವು. ಇಂದು ಲೆಕ್ಕಿಗನು ಒಂದು ಕಿಟಕಿಯಲ್ಲಿ ಬಿಲ್ಲಿನ ಸಂಖ್ಯೆಯನ್ನು ನೋಡಿ, ಅದನ್ನು ನೆನಪಿನಲ್ಲಿಟ್ಟುಕೊಂಡು, ಇನ್ನೊಂದು ಕಿಟಕಿಗೆ ಹೋಗಿ ಹುಡುಕಬೇಕಾಗಿದೆ. ತಪ್ಪು ನುಸುಳುವುದು ಈ ನೆನಪಿನ ಸೇತುವೆಯ ಮೇಲೆಯೇ.

ಲ್ಯಾಪ್‌ಟಾಪಿಗೆ ಎರಡು ಅಥವಾ ಮೂರು ಮಾನಿಟರ್‌ಗಳನ್ನು ಜೋಡಿಸಿಕೊಡುವ ಡಾಕಿಂಗ್ ಸ್ಟೇಷನ್ ಎಂಬ ಸಣ್ಣ ಸಾಧನವು ಈ ಕೊರತೆಯನ್ನು ತುಂಬಬಲ್ಲದು. ಆದರೆ ತಿಳಿಯದೆ ಕೊಂಡರೆ ಹಣವೂ ವ್ಯರ್ಥ, ಕೆಲಸವೂ ಆಗದು. ಆದ್ದರಿಂದ ಈ ಸಾಧನದ ಅಗತ್ಯ ಯಾರಿಗಿದೆ, ಆಯ್ಕೆ ಹೇಗೆ, ಬಳಕೆ ಹೇಗೆ, ಅದರ ಲೆಕ್ಕ ಇಡುವುದು ಹೇಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

ಆರು ದಿನಗಳ ಕೆಲಸ

ಸರಕು ಮತ್ತು ಸೇವಾ ತೆರಿಗೆಯ ವ್ಯವಸ್ಥೆಯಲ್ಲಿ ಖರೀದಿದಾರನ ಹೂಡುವಳಿ ತೆರಿಗೆ ಜಮೆ, ಅಂದರೆ ವರ್ತಕರ ಮಾತಿನಲ್ಲಿ ‘ಇನ್‌ಪುಟ್’, ಮಾರಾಟಗಾರನು ತನ್ನ ವಿವರಪಟ್ಟಿಯಲ್ಲಿ ಬಿಲ್ಲನ್ನು ತೋರಿಸಿದ್ದಾನೆಯೇ ಎಂಬುದನ್ನು ಅವಲಂಬಿಸಿದೆ. 2022ರ ಜನವರಿ 1ರಿಂದ ಈ ಷರತ್ತು ಕಾಯ್ದೆಯ 16ನೇ ಕಲಮಿನಲ್ಲಿಯೇ ಸೇರಿದೆ. ಮಾರಾಟಗಾರರು ತೋರಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಪ್ರತಿ ತಿಂಗಳ 14ರಂದು ಸಿದ್ಧವಾಗುತ್ತದೆ. ಮಾಸಿಕವಾಗಿ ವಿವರ ಸಲ್ಲಿಸುವವರು ಜಿಎಸ್‌ಟಿಆರ್-3ಬಿಯನ್ನು 20ರೊಳಗೆ ಸಲ್ಲಿಸಬೇಕು. ನಡುವೆ ಉಳಿಯುವುದು ಆರು ದಿನ. ಆ ಆರು ದಿನಗಳಲ್ಲಿ ಖರೀದಿ ಪುಸ್ತಕವನ್ನು 2ಬಿಯೊಂದಿಗೆ ಬಿಲ್ಲು ಬಿಲ್ಲಾಗಿ ತಾಳೆ ನೋಡಬೇಕು. 2024ರ ಅಕ್ಟೋಬರ್‌ನಿಂದ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯೂ ಬಂದಿದೆ. ಅದರಲ್ಲಿ ಪ್ರತಿ ಬಿಲ್ಲನ್ನು ಒಪ್ಪಬಹುದು, ತಿರಸ್ಕರಿಸಬಹುದು ಅಥವಾ ಬಾಕಿ ಇಡಬಹುದು. ಏನೂ ಮಾಡದಿದ್ದರೆ ಒಪ್ಪಿದಂತೆಯೇ ಆಗುತ್ತದೆ.

ತಾಳೆಯಾಗದ ಬಿಲ್ಲುಗಳಿಗೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರುತ್ತವೆ.

1. ಮಾರಾಟಗಾರನು 457/25-26 ಎಂದು ನಮೂದಿಸಿದ ಬಿಲ್ಲು ಖರೀದಿದಾರನ ಪುಸ್ತಕದಲ್ಲಿ ಬರೀ 457 ಎಂದಿರುತ್ತದೆ.
2. ಮಾರಾಟಗಾರನು ತಡವಾಗಿ ಸಲ್ಲಿಸಿದ್ದರಿಂದ ಬಿಲ್ಲು ಮುಂದಿನ ತಿಂಗಳ 2ಬಿಯಲ್ಲಿ ಬರುತ್ತದೆ.
3. ಒಬ್ಬ ಮಾಲೀಕನ ಎರಡು ನೋಂದಣಿಗಳಿದ್ದಾಗ ಒಂದರ ಬಿಲ್ಲು ಇನ್ನೊಂದಕ್ಕೆ ಹೋಗಿರುತ್ತದೆ.
4. ತೆರಿಗೆಯ ಶೀರ್ಷಿಕೆ ಅದಲುಬದಲಾಗಿರುತ್ತದೆ. ರಾಯಚೂರು ಗಡಿ ಜಿಲ್ಲೆ. ತೆಲಂಗಾಣ, ಆಂಧ್ರಪ್ರದೇಶಗಳಿಂದ ಬಿಲ್ಲುಗಳು ಬರುವುದು ಸಹಜ. ಅಂತರರಾಜ್ಯ ಖರೀದಿಯ ಐಜಿಎಸ್‌ಟಿಯನ್ನು ಗುಮಾಸ್ತನು ಅಭ್ಯಾಸಬಲದಿಂದ ಕೇಂದ್ರ ಮತ್ತು ರಾಜ್ಯ ತೆರಿಗೆಯೆಂದು ಒಡೆದು ಬರೆದುಬಿಡುತ್ತಾನೆ.

ಈ ನಾಲ್ಕನ್ನೂ ಯಂತ್ರವೇ ಪೂರ್ತಿಯಾಗಿ ಹಿಡಿಯಲಾರದು. ತಂತ್ರಾಂಶವು ಹೊಂದುವ ಬಿಲ್ಲುಗಳನ್ನು ಬೇರ್ಪಡಿಸಿಕೊಡುತ್ತದೆ. ಹೊಂದದವುಗಳನ್ನು ಮನುಷ್ಯನೇ ನೋಡಬೇಕು. ನೋಡಲು ಮೂರು ದಾಖಲೆಗಳು ಬೇಕು: ಖರೀದಿ ಪುಸ್ತಕ, 2ಬಿ ಪಟ್ಟಿ ಮತ್ತು ಮೂಲ ಬಿಲ್ಲು.

ಇಲ್ಲಿ ಪಣದಲ್ಲಿರುವುದು ಸಣ್ಣ ಮೊತ್ತವಲ್ಲ. ಉದಾಹರಣೆಗೆ, ಲಿಂಗಸುಗೂರಿನ ಒಬ್ಬ ಹಾರ್ಡ್‌ವೇರ್ ವರ್ತಕನ ಒಂದು ಲಕ್ಷ ರೂಪಾಯಿ ಮೌಲ್ಯದ ಖರೀದಿ ಬಿಲ್ಲು ತಾಳೆಯಾಗದೆ ಉಳಿಯಿತೆಂದು ಭಾವಿಸೋಣ. ಶೇ. 18ರಂತೆ ಜಮೆ 18,000 ರೂ. ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟರೊಳಗೆ ಅದನ್ನು ಪಡೆಯದಿದ್ದರೆ ಆ ಹಣ ಶಾಶ್ವತವಾಗಿ ಕೈಬಿಟ್ಟಂತೆ. 2025-26ನೇ ಸಾಲಿನ ಬಿಲ್ಲುಗಳಿಗೆ ಆ ಗಡುವು 2026ರ ನವೆಂಬರ್ 30. ಮಾರಾಟಗಾರನಿಗೆ ತೆರಿಗೆಯನ್ನು ಕೊಟ್ಟದ್ದು ನಿಜ, ಸರಕು ಬಂದದ್ದು ನಿಜ. ತಾಳೆ ನೋಡದಿದ್ದ ಕಾರಣಕ್ಕೆ ಜಮೆ ಮಾತ್ರ ಇಲ್ಲ.

ಹತ್ತಿ ವ್ಯಾಪಾರದಲ್ಲಿ ಇನ್ನೊಂದು ಬಗೆಯ ಹೋಲಿಕೆ ಬೇಕಾಗುತ್ತದೆ. ನೋಂದಾಯಿತ ವ್ಯಾಪಾರಿಯು ರೈತನಿಂದ ಕಚ್ಚಾ ಹತ್ತಿಯನ್ನು ಕೊಂಡಾಗ 2017ರ ನವೆಂಬರ್ 15ರಿಂದ ರಿವರ್ಸ್ ಚಾರ್ಜ್ ಕ್ರಮದಲ್ಲಿ ಖರೀದಿದಾರನೇ ತೆರಿಗೆ ಕಟ್ಟಬೇಕಾಗಿದೆ. ಇಂಥ ಖರೀದಿ ಯಾವ ಮಾರಾಟಗಾರನ ವಿವರಪಟ್ಟಿಯಲ್ಲಿಯೂ ಬಾರದು. ಕಾಟಾದ ತೂಕದ ಚೀಟಿ, ಖರೀದಿದಾರನೇ ಬರೆದುಕೊಂಡ ಸ್ವಂತ ಬಿಲ್ಲು, 3ಬಿಯಲ್ಲಿ ತೋರಿಸಿದ ಮೊತ್ತ, ಈ ಮೂರೂ ಒಂದೇ ಆಗಿವೆಯೇ ಎಂದು ಅಕ್ಕಪಕ್ಕದಲ್ಲಿಟ್ಟು ನೋಡುವುದೇ ಉಳಿದಿರುವ ಮಾರ್ಗ.

ಡಾಕಿಂಗ್ ಸ್ಟೇಷನ್ ಎಂದರೇನು?

ಹಡಗು ಬಂದು ನಿಲ್ಲುವ ಕಟ್ಟೆಯನ್ನು ಡಾಕ್ ಎನ್ನುವರು. ಹಡಗಿಗೆ ಬೇಕಾದ ಸರಕು, ನೀರು, ಇಂಧನಗಳೆಲ್ಲ ಕಟ್ಟೆಯಲ್ಲಿಯೇ ಸಿಗುವಂತೆ, ಲ್ಯಾಪ್‌ಟಾಪಿಗೆ ಬೇಕಾದ ವಿದ್ಯುತ್ತು, ಮಾನಿಟರ್, ಕೀಲಿಮಣೆ, ಮೌಸ್, ಮುದ್ರಣಯಂತ್ರ ಮತ್ತು ಇಂಟರ್‌ನೆಟ್ ತಂತಿಗಳೆಲ್ಲ ಈ ಪೆಟ್ಟಿಗೆಗೆ ಜೋಡಣೆಯಾಗಿರುತ್ತವೆ. ಲ್ಯಾಪ್‌ಟಾಪಿಗೆ ಹೋಗುವುದು ಒಂದೇ ತಂತಿ. ಅದನ್ನು ಚುಚ್ಚಿದರೆ ಲ್ಯಾಪ್‌ಟಾಪ್ ಮೇಜಿನ ಗಣಕವಾಗುತ್ತದೆ. ಕಿತ್ತರೆ ಚೀಲಕ್ಕೆ ಸೇರುತ್ತದೆ.

ಕಲ್ಪನೆ ಹಳೆಯದು. 1992ರಲ್ಲಿಯೇ ಆಪಲ್ ಸಂಸ್ಥೆಯು ಪವರ್‌ಬುಕ್ ಡ್ಯುವೋ ಎಂಬ ಲ್ಯಾಪ್‌ಟಾಪನ್ನು ಡಾಕ್ ಸಮೇತ ಮಾರುಕಟ್ಟೆಗೆ ತಂದಿತ್ತು. ಆಗ ಒಂದು ಕಂಪನಿಯ ಡಾಕ್ ಇನ್ನೊಂದರ ಯಂತ್ರಕ್ಕೆ ಕೂಡುತ್ತಿರಲಿಲ್ಲ. 2014ರಲ್ಲಿ ಯುಎಸ್‌ಬಿ ಟೈಪ್-ಸಿ ಎಂಬ ಸಾಮಾನ್ಯ ಕಿಂಡಿಯ ಮಾನದಂಡ ಪ್ರಕಟವಾದ ಮೇಲೆ ದತ್ತಾಂಶ, ಚಿತ್ರ, ವಿದ್ಯುತ್ತು ಮೂರೂ ಒಂದೇ ತಂತಿಯಲ್ಲಿ ಹರಿಯುವುದು ಸಾಧ್ಯವಾಯಿತು. ಅಂಗೈಯಗಲದ, ಜೇಬಿನಲ್ಲಿ ಹಿಡಿಸುವ ಡಾಕ್‌ಗಳು ಬಂದದ್ದು ಆ ನಂತರವೇ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲೆ, ಸುಮಾರು 50 ಕಿಲೋಮೀಟರಿನ ಅಂತರದೊಳಗೆ ಇವೆ. ಒಂದು ಊರಿನಲ್ಲಿ ಗಿರಣಿ, ಇನ್ನೊಂದರಲ್ಲಿ ಅಂಗಡಿ ಇಟ್ಟವರೂ ಉಂಟು. ವಾರಕ್ಕೆರಡು ದಿನ ಬಂದು ಹಲವು ಅಂಗಡಿಗಳ ಲೆಕ್ಕ ಬರೆಯುವವರೂ ಉಂಟು. ಇಂಥವರಿಗೆ ಮೇಜಿನ ಗಣಕ ಸರಿಹೊಂದದು. ಬರೀ ಲ್ಯಾಪ್‌ಟಾಪ್ ಸಾಲದು. ಎರಡೂ ಕಡೆ ಮಾನಿಟರ್‌ಗಳನ್ನು ಇಟ್ಟು, ಡಾಕನ್ನು ಲ್ಯಾಪ್‌ಟಾಪಿನೊಂದಿಗೆ ಚೀಲದಲ್ಲಿ ಒಯ್ಯುವುದು ಅವರಿಗೆ ಅನುಕೂಲ.

ಕೊಳ್ಳುವ ಮೊದಲು ಕಿಂಡಿಯನ್ನು ನೋಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಡಾಕಿನಲ್ಲಿ ಎರಡು ಎಚ್‌ಡಿಎಂಐ ಕಿಂಡಿಗಳಿವೆ ಎಂದ ಮಾತ್ರಕ್ಕೆ ಎರಡು ಮಾನಿಟರ್‌ಗಳು ಬೇರೆ ಬೇರೆ ಚಿತ್ರವನ್ನು ತೋರಿಸುತ್ತವೆ ಎಂದು ತಿಳಿಯಬಾರದು. ಅದನ್ನು ನಿರ್ಧರಿಸುವುದು ಲ್ಯಾಪ್‌ಟಾಪಿನ ಕಿಂಡಿ ಮತ್ತು ಡಾಕಿನ ಬಗೆ. ಎಲ್ಲ ಟೈಪ್-ಸಿ ಕಿಂಡಿಗಳೂ ನೋಡಲು ಒಂದೇ. ಒಳಗಿನ ಸಾಮರ್ಥ್ಯ ಬೇರೆ. ಕೆಲವು ದತ್ತಾಂಶವನ್ನು ಮಾತ್ರ ಒಯ್ಯುತ್ತವೆ, ಕೆಲವು ಚಿತ್ರವನ್ನೂ ಒಯ್ಯುತ್ತವೆ, ಕೆಲವು ಚಾರ್ಜನ್ನೂ ಸ್ವೀಕರಿಸುತ್ತವೆ. ಮಿಂಚಿನ ಬಾಣದ ಗುರುತಿದ್ದರೆ ಅದು ಥಂಡರ್‌ಬೋಲ್ಟ್. ಗುರುತೇ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾದರಿ ಸಂಖ್ಯೆಯನ್ನು ಹಿಡಿದು ತಯಾರಕರ ವಿವರಣಾ ಪುಟವನ್ನು ನೋಡಬೇಕು.

ಡಾಕ್‌ಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಲ್ಯಾಪ್‌ಟಾಪಿನ ಚಿತ್ರಸಂಕೇತವನ್ನೇ ನೇರವಾಗಿ ಹೊರಗೆ ಕೊಡುವ ಸಾಧಾರಣ ಟೈಪ್-ಸಿ ಡಾಕ್. ಬೆಲೆ ಕಡಿಮೆ, ಬೇರೆ ತಂತ್ರಾಂಶ ಬೇಡ. ಆದರೆ ಲ್ಯಾಪ್‌ಟಾಪಿನ ಕಿಂಡಿಯಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂಬ ಸೌಲಭ್ಯ ಇರಲೇಬೇಕು. ಎರಡು ಮಾನಿಟರ್‌ಗಳಿಗೆ ಬೇರೆ ಬೇರೆ ಚಿತ್ರ ಕೊಡಲು ಇಂಥ ಡಾಕ್‌ಗಳು ಒಂದು ಸಂಕೇತವನ್ನು ಒಡೆದು ಹಂಚುವ ‘ಎಂಎಸ್‌ಟಿ’ ವಿಧಾನವನ್ನು ಬಳಸುತ್ತವೆ. ವಿಂಡೋಸ್‌ನಲ್ಲಿ ಇದು ನಡೆಯುತ್ತದೆ. ಆಪಲ್‌ನ ಮ್ಯಾಕ್‌ಬುಕ್‌ಗಳಲ್ಲಿ ಎರಡೂ ಮಾನಿಟರ್‌ಗಳಲ್ಲಿ ಒಂದೇ ಚಿತ್ರ ಬರುತ್ತದೆ. ಹೋಲಿಕೆಯ ಕೆಲಸಕ್ಕೆ ಅದರಿಂದ ಪ್ರಯೋಜನವಿಲ್ಲ.

ಎರಡನೆಯದು ಡಿಸ್‌ಪ್ಲೇಲಿಂಕ್ ತಂತ್ರಜ್ಞಾನದ ಡಾಕ್. ಇದರ ಮರ್ಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪೂರ್ಣ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಅಂದರೆ 20,73,600 ಚುಕ್ಕೆಗಳಿವೆ. ಪ್ರತಿ ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಚಿತ್ರ ಎಂದರೆ ಒಂದು ಪರದೆಗೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್, ಎರಡಕ್ಕೆ 6 ಗಿಗಾಬಿಟ್ ಬೇಕು. ಸಾಮಾನ್ಯ ಯುಎಸ್‌ಬಿ 3 ಕಿಂಡಿಯ ಘೋಷಿತ ವೇಗವೇ 5 ಗಿಗಾಬಿಟ್. ಆದ್ದರಿಂದ ಇಲ್ಲಿ ಲ್ಯಾಪ್‌ಟಾಪಿನಲ್ಲಿ ಸ್ಥಾಪಿಸಿದ ಒಂದು ತಂತ್ರಾಂಶವು ಚಿತ್ರವನ್ನು ಸಂಕುಚಿಸಿ ಕಳುಹಿಸುತ್ತದೆ, ಡಾಕಿನೊಳಗಿನ ಚಿಪ್ ಅದನ್ನು ಬಿಡಿಸಿ ಮಾನಿಟರಿಗೆ ಕೊಡುತ್ತದೆ. ಲೆಕ್ಕದ ಹಾಳೆಗಳಲ್ಲಿ ಚಿತ್ರ ಬಹುಮಟ್ಟಿಗೆ ಸ್ಥಿರವಾಗಿರುವುದರಿಂದ ಇದು ಸುಗಮವಾಗಿ ನಡೆಯುತ್ತದೆ. ಟೈಪ್-ಸಿಯಲ್ಲಿ ಚಿತ್ರ ಬಾರದ ಹಳೆಯ ಲ್ಯಾಪ್‌ಟಾಪಿಗೂ, ಒಂದೇ ಹೊರ ಪರದೆಗೆ ಅವಕಾಶವಿರುವ ಎಂ1, ಎಂ2 ಮೂಲ ಚಿಪ್‌ನ ಮ್ಯಾಕ್‌ಬುಕ್‌ಗಳಿಗೂ ಇದೇ ದಾರಿ. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವ ಹೊಣೆ ಮಾತ್ರ ಬಳಕೆದಾರನ ಮೇಲಿರುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನೂ ಇಲ್ಲಿ ನೆನಪಿಡಬೇಕು.

ಮೂರನೆಯದು ಥಂಡರ್‌ಬೋಲ್ಟ್ ಡಾಕ್. ವೇಗ 40 ಗಿಗಾಬಿಟ್. ಸಾಮರ್ಥ್ಯದಷ್ಟೇ ಬೆಲೆಯೂ ಹೆಚ್ಚು. ಚಿತ್ರ, ವಿಡಿಯೋ ಸಂಕಲನ ಮಾಡುವವರಿಗೆ ಇದು ಬೇಕಾದೀತು. ಖರೀದಿ ಪುಸ್ತಕವನ್ನು ತಾಳೆ ನೋಡಲು ಇಷ್ಟು ಖರ್ಚು ಅನಗತ್ಯ.

ಇವುಗಳಿಗೆಲ್ಲ ಮೊದಲು ಒಂದು ಅಗ್ಗದ ಪರೀಕ್ಷೆ ಇದೆ. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೆ ಒಂದು ಮಾನಿಟರನ್ನು ನೇರವಾಗಿ ಜೋಡಿಸಿ. ಡಾಕ್ ಇಲ್ಲದೆಯೇ ಎರಡು ಪರದೆಗಳು ದೊರೆಯುತ್ತವೆ. ಒಂದು ತಿಂಗಳ 2ಬಿ ತಾಳೆಯನ್ನು ಹಾಗೆಯೇ ಮಾಡಿ ನೋಡಿ. ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಮೂಲ ಬಿಲ್ಲಿಗಾಗಿ ಇನ್ನೊಂದು ಪರದೆ ಬೇಕೆನಿಸಿದಾಗ, ಅಥವಾ ದಿನವೂ ಐದಾರು ತಂತಿಗಳನ್ನು ಕಿತ್ತು ಚುಚ್ಚುವುದು ಬೇಸರವಾದಾಗ ಡಾಕಿನ ಮಾತು. ಕೊಳ್ಳುವಾಗ ಸ್ವಂತ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ದು, ಎರಡೂ ಮಾನಿಟರ್‌ಗಳಲ್ಲಿ ಬೇರೆ ಬೇರೆ ಹಾಳೆ ಕಾಣುವುದನ್ನು ನೋಡಿದ ಮೇಲೆಯೇ ಹಣ ಕೊಡುವುದು ಕ್ಷೇಮ.

ವಿದ್ಯುತ್ತಿನ ಲೆಕ್ಕ

ಚಿಕ್ಕ ಡಾಕ್‌ಗಳಿಗೆ ತಮ್ಮದೇ ಅಡಾಪ್ಟರ್ ಇರುವುದಿಲ್ಲ. ಲ್ಯಾಪ್‌ಟಾಪಿನ ಟೈಪ್-ಸಿ ಚಾರ್ಜರನ್ನು ಡಾಕಿಗೆ ಚುಚ್ಚಬೇಕು. ಡಾಕ್ ತನಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಲ್ಯಾಪ್‌ಟಾಪಿಗೆ ಕೊಡುತ್ತದೆ. 100 ವ್ಯಾಟ್ ಎಂದು ಬರೆದ ಡಾಕಿನಿಂದ ಲ್ಯಾಪ್‌ಟಾಪಿಗೆ 85 ವ್ಯಾಟ್‌ನಷ್ಟೇ ತಲುಪುವುದು ಸಾಮಾನ್ಯ. 45 ವ್ಯಾಟ್‌ನ ಚಾರ್ಜರನ್ನು ಚುಚ್ಚಿದರೆ ಕೆಲಸದ ನಡುವೆಯೇ ಬ್ಯಾಟರಿ ಇಳಿಯುತ್ತಾ ಹೋಗಬಹುದು. ಆದುದರಿಂದ ಲ್ಯಾಪ್‌ಟಾಪಿಗೆ ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನ ಚಾರ್ಜರನ್ನು ಇಟ್ಟುಕೊಳ್ಳಬೇಕು. ಅಡಾಪ್ಟರಿನ ಮೇಲೆ ಬಿಐಎಸ್ ನೋಂದಣಿಯ ಗುರುತು ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು.

ವಿದ್ಯುತ್ ಕಡಿತವಾದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ನಡೆಯುತ್ತದೆ, ಮಾನಿಟರ್‌ಗಳು ಆರುತ್ತವೆ. ತೆರೆದಿದ್ದ ಕಿಟಕಿಗಳೆಲ್ಲ ಲ್ಯಾಪ್‌ಟಾಪಿನ ಪರದೆಗೆ ಸರಿದುಬರುತ್ತವೆಯೇ ಹೊರತು ಬರೆದದ್ದು ಅಳಿಯುವುದಿಲ್ಲ. ಮೇಜಿನ ಗಣಕಕ್ಕಿಂತ ಈ ಏರ್ಪಾಡಿನ ದೊಡ್ಡ ಲಾಭವೇ ಇದು. ಆದರೂ ಒಂದು ಸಣ್ಣ ಯುಪಿಎಸ್ ಇದ್ದರೆ ಕೆಲಸ ತುಂಡಾಗದು. ಎರಡು ಮಾನಿಟರ್‌ಗಳಿಗೆ ತಲಾ 25 ವ್ಯಾಟ್, ಲ್ಯಾಪ್‌ಟಾಪ್ ಮತ್ತು ಡಾಕಿಗೆ 80 ವ್ಯಾಟ್ ಎಂದು ಹಿಡಿದರೂ ಒಟ್ಟು 130 ವ್ಯಾಟ್. 600 ವಿಎ ಯುಪಿಎಸ್ ಈ ಹೊರೆಯನ್ನು ಹೊರಬಲ್ಲದು. ಲೇಸರ್ ಮುದ್ರಣಯಂತ್ರವನ್ನು ಮಾತ್ರ ಅದಕ್ಕೆ ಜೋಡಿಸಬಾರದು. ಕಚೇರಿಯ ಸಾಕೆಟ್ಟಿಗೆ ಅರ್ಥಿಂಗ್ ಸರಿಯಾಗಿರಬೇಕು. ಡಾಕಿನ ಲೋಹದ ಮೈಯನ್ನು ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಇಲ್ಲದಿರಬಹುದೆಂದು ತಿಳಿದು ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.

ಅಕ್ಕಿ ಗಿರಣಿಯ ಕಚೇರಿಗಳಲ್ಲಿ ಹೊಟ್ಟು ಮತ್ತು ತೌಡಿನ ಧೂಳು ಎಲ್ಲೆಡೆ ನುಸುಳುತ್ತದೆ. ಬಳಸದ ಕಿಂಡಿಗಳಿಗೆ ರಬ್ಬರ್ ಮುಚ್ಚಳ ಹಾಕಬೇಕು. ಡಾಕ್ ಬಿಸಿಯಾಗುವುದು ಸಹಜ. ಆದರೆ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವಾಗ ಅದರ ಮೇಲೆ ಬಿಲ್ಲಿನ ಕಟ್ಟು ಹೇರಿದರೆ ಅದು ತಾನೇ ನಿಂತುಹೋಗಬಹುದು. ಗಾಳಿಯಾಡುವ ಜಾಗದಲ್ಲಿ ಬಿಡಿಯಾಗಿ ಇಡಬೇಕು.

ಯಾವ ಪರದೆಯಲ್ಲಿ ಏನು?

ಸಾಧನ ಕೂಡಿತೆಂದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಶಿಸ್ತಿನದು. ವಿಂಡೋಸ್ ಕೀಲಿಯೊಂದಿಗೆ ಪಿ ಅಕ್ಷರವನ್ನು ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಅದರಲ್ಲಿ ‘ಎಕ್ಸ್‌ಟೆಂಡ್’ ಎಂಬುದನ್ನು ಆರಿಸಬೇಕು. ‘ಡುಪ್ಲಿಕೇಟ್’ ಆರಿಸಿದರೆ ಎಲ್ಲೆಡೆ ಒಂದೇ ಚಿತ್ರ ಕಾಣುತ್ತದೆ. ನಂತರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಐಡೆಂಟಿಫೈ’ ಒತ್ತಿ, ಮೇಜಿನ ಮೇಲೆ ಮಾನಿಟರ್‌ಗಳು ಹೇಗಿವೆಯೋ ಅದೇ ಕ್ರಮದಲ್ಲಿ ಚೌಕಗಳನ್ನು ಎಳೆದಿಡಬೇಕು. ಇಲ್ಲವಾದರೆ ಮೌಸ್ ಎಡಕ್ಕೆ ಹೋದರೆ ಬಾಣ ಬಲಕ್ಕೆ ಕಾಣಿಸಿ ಗೊಂದಲವಾಗುತ್ತದೆ. ವಿಂಡೋಸ್, ಶಿಫ್ಟ್ ಮತ್ತು ಎಡ ಅಥವಾ ಬಲ ಬಾಣದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಕಿಟಕಿ ಇನ್ನೊಂದು ಪರದೆಗೆ ಹಾರುತ್ತದೆ.

ಗುಮಾಸ್ತನ ಹಳೆಯ ಕ್ರಮವನ್ನೇ ಇಲ್ಲಿ ಅನುಸರಿಸಬಹುದು. ಎಡ ಪರದೆಯಲ್ಲಿ ಸರ್ಕಾರದ ಪಟ್ಟಿಯಾದ 2ಬಿ. ನಡುವಿನ ಪರದೆಯಲ್ಲಿ ಟ್ಯಾಲಿ ಅಥವಾ ಬೇರೆ ತಂತ್ರಾಂಶದ ಖರೀದಿ ಪುಸ್ತಕ. ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲಿ ಸ್ಕ್ಯಾನ್ ಮಾಡಿದ ಬಿಲ್ಲು. ಈ ಸ್ಥಾನಗಳನ್ನು ಎಂದಿಗೂ ಬದಲಿಸಬಾರದು. ಕಣ್ಣಿಗೆ ಅಭ್ಯಾಸವಾದ ಮೇಲೆ ಎಡದಲ್ಲಿ ಇದ್ದು ನಡುವೆ ಇಲ್ಲದ ಬಿಲ್ಲು ಪುಸ್ತಕಕ್ಕೆ ಬಾರದ ಬಿಲ್ಲೆಂದೂ, ನಡುವೆ ಇದ್ದು ಎಡದಲ್ಲಿ ಇಲ್ಲದ ಬಿಲ್ಲು ಮಾರಾಟಗಾರನು ತೋರಿಸದ ಬಿಲ್ಲೆಂದೂ ತಟ್ಟನೆ ಹೊಳೆಯುತ್ತದೆ. ಮೊದಲನೆಯದಕ್ಕೆ ಕಚೇರಿಯ ಕಡತ ಹುಡುಕಬೇಕು, ಎರಡನೆಯದಕ್ಕೆ ಮಾರಾಟಗಾರನಿಗೆ ಅದೇ ದಿನ ದೂರವಾಣಿ ಮಾಡಬೇಕು.

ಪೋರ್ಟಲ್ ಸ್ವಲ್ಪ ಹೊತ್ತು ಕೈಯಾಡಿಸದಿದ್ದರೆ ಮುಚ್ಚಿಕೊಳ್ಳುವುದರಿಂದ 2ಬಿಯನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಳ್ಳುವುದು ಲೇಸು. ತಾಳೆಯಾದ ಸಾಲಿಗೆ ಒಂದು ಬಣ್ಣ, ಬಾಕಿಯಾದ ಸಾಲಿಗೆ ಇನ್ನೊಂದು ಬಣ್ಣ ಹಾಕಿ, ಕಾರಣವನ್ನು ಪಕ್ಕದ ಕಂಬದಲ್ಲಿ ಎರಡು ಮಾತಿನಲ್ಲಿ ಬರೆಯಬೇಕು. ಮುಂದಿನ ತಿಂಗಳ ತಾಳೆ ಆ ಬಾಕಿ ಸಾಲುಗಳಿಂದಲೇ ಆರಂಭವಾಗಬೇಕು. ಬಾಕಿ ಪಟ್ಟಿಯನ್ನು ಹೀಗೆ ತಿಂಗಳಿಂದ ತಿಂಗಳಿಗೆ ಒಯ್ಯದಿದ್ದರೆ ಎಷ್ಟು ಪರದೆಗಳಿದ್ದರೂ ನವೆಂಬರ್ 30ರ ಗಡುವು ತಿಳಿಯದೆಯೇ ದಾಟಿಹೋಗುತ್ತದೆ.

ಮುಖ್ಯ ಪರದೆ ನೇರ ಎದುರಿಗೆ, ಒಂದು ತೋಳಿನ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಇರಲಿ. ಕುತ್ತಿಗೆಯನ್ನು ದಿನವಿಡೀ ಒಂದೇ ಕಡೆಗೆ ತಿರುಗಿಸಿಕೊಂಡು ಕೂರುವ ಏರ್ಪಾಡು ತಪ್ಪು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ದೂರದ ವಸ್ತುವನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು.

ಗೋಪ್ಯತೆಯ ಎಚ್ಚರ

ಪರದೆ ಹೆಚ್ಚಿದಷ್ಟೂ ಬೇರೆಯವರ ಕಣ್ಣಿಗೆ ಬೀಳುವ ಮಾಹಿತಿಯೂ ಹೆಚ್ಚು. ಗಿರಾಕಿ ಕೂರುವ ಕಡೆಗೆ ಮುಖಮಾಡಿದ ಮಾನಿಟರಿನಲ್ಲಿ ಇನ್ನೊಬ್ಬ ಗಿರಾಕಿಯ ಬಾಕಿ ಕಾಣಬಾರದು. ಬ್ಯಾಂಕಿನ ಪುಟ, ಸಂಕೇತಪದ ಮತ್ತು ಒಟಿಪಿ ಸಂಬಂಧಿಸಿದ ಕಿಟಕಿಗಳನ್ನು ಲ್ಯಾಪ್‌ಟಾಪಿನ ಚಿಕ್ಕ ಪರದೆಯಲ್ಲಿ ಮಾತ್ರ ತೆರೆಯುವ ರೂಢಿ ಒಳ್ಳೆಯದು. ಇ-ವೇ ಬಿಲ್ ವ್ಯವಸ್ಥೆಯಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆ. ಹಾಗಿರುವಾಗ ಸಂಕೇತಪದವನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸುವ ಅಭ್ಯಾಸವನ್ನಾದರೂ ಬಿಡಬೇಕು. ಎದ್ದು ಹೋಗುವಾಗ ವಿಂಡೋಸ್ ಮತ್ತು ಎಲ್ ಕೀಲಿಗಳನ್ನು ಒತ್ತಿದರೆ ಮೂರೂ ಪರದೆಗಳು ಒಮ್ಮೆಗೇ ಮುಚ್ಚುತ್ತವೆ.

ಸಾಧನದ ಲೆಕ್ಕ ಇಡುವುದು ಹೇಗೆ?

ಉದಾಹರಣೆಗೆ ಡಾಕಿಗೆ 9,000 ರೂ., ಎರಡು ಮಾನಿಟರ್‌ಗಳಿಗೆ 16,000 ರೂ., ತಂತಿಗಳಿಗೆ 1,000 ರೂ. ಎಂದು ಹಿಡಿಯೋಣ. ಒಟ್ಟು 26,000 ರೂ. ಶೇ. 18ರಂತೆ ತೆರಿಗೆ 4,680 ರೂ. ಬಿಲ್ಲಿನ ಮೊತ್ತ 30,680 ರೂ. ಇಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು.

1. ಬಿಲ್ಲು ವ್ಯವಹಾರದ ಹೆಸರಿನಲ್ಲಿ, ಜಿಎಸ್‌ಟಿ ನೋಂದಣಿ ಸಂಖ್ಯೆಯೊಂದಿಗೆ ಇರಬೇಕು. ಮಾಲೀಕನ ಸ್ವಂತ ಹೆಸರಿನಲ್ಲಿ ಸಂಖ್ಯೆಯಿಲ್ಲದೆ ಆನ್‌ಲೈನ್‌ನಲ್ಲಿ ತರಿಸಿದರೆ ಜಮೆ 2ಬಿಯಲ್ಲಿ ಬಾರದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಜಮೆ ಇಲ್ಲವೇ ಇಲ್ಲ.

2. ಜಮೆ ಪಡೆದರೆ 26,000 ರೂ. ಮಾತ್ರ ಆಸ್ತಿಯ ಮೌಲ್ಯ. ತೆರಿಗೆಯ ಭಾಗದ ಮೇಲೆ ಸವಕಳಿಯನ್ನೂ ಪಡೆದು ಜಮೆಯನ್ನೂ ಪಡೆಯಲು ಕಾಯ್ದೆಯಲ್ಲಿ ಅವಕಾಶವಿಲ್ಲ.

3. ಆದಾಯ ತೆರಿಗೆಯಲ್ಲಿ ಗಣಕಯಂತ್ರಗಳ ಸವಕಳಿ ದರವು 2017-18ನೇ ಹಣಕಾಸು ವರ್ಷದಿಂದ ಶೇ. 60ರಿಂದ ಶೇ. 40ಕ್ಕೆ ಇಳಿಯಿತು. ಗಣಕದೊಂದಿಗೆ ಮಾತ್ರ ಬಳಸುವ ಉಪಸಾಧನಗಳು ಗಣಕದ ಅವಿಭಾಜ್ಯ ಅಂಗವೆಂದು ದೆಹಲಿ ಹೈಕೋರ್ಟು 2010ರಲ್ಲಿ ಬಿಎಸ್‌ಇಎಸ್ ರಾಜಧಾನಿ ಪ್ರಕರಣದಲ್ಲಿ ಹೇಳಿದೆ. ಶೇ. 40ರ ದರದಲ್ಲಿ ಮೊದಲ ವರ್ಷದ ಸವಕಳಿ 10,400 ರೂ. ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ, 5,200 ರೂ.

4. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಪಾವತಿಸಿದರೆ ಆ ಮೊತ್ತ ಆಸ್ತಿಯ ವೆಚ್ಚಕ್ಕೆ ಸೇರದು, ಸವಕಳಿಯೂ ಸಿಗದು. ಚೆಕ್ಕು, ಆರ್‌ಟಿಜಿಎಸ್ ಅಥವಾ ಯುಪಿಐ ಮೂಲಕವೇ ಪಾವತಿಸಬೇಕು.

ಅಕ್ಕಿ ಗಿರಣಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. 2022ರ ಜುಲೈ 18ರಿಂದ 25 ಕಿಲೋ ವರೆಗಿನ, ಮೊದಲೇ ಕಟ್ಟಿ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಶೇ. 5ರ ತೆರಿಗೆ ಇದೆ. ಬಿಡಿಯಾಗಿ ಮಾರುವ ಅಕ್ಕಿಗೆ ವಿನಾಯಿತಿ ಇದೆ. ಎರಡನ್ನೂ ಮಾರುವ ಗಿರಣಿಯಲ್ಲಿ ಕಚೇರಿಯ ಡಾಕ್ ಮತ್ತು ಮಾನಿಟರ್‌ಗಳು ಎರಡೂ ಬಗೆಯ ವ್ಯಾಪಾರಕ್ಕೆ ಬಳಕೆಯಾಗುವ ಬಂಡವಾಳ ಸರಕು. ಆಗ 43ನೇ ನಿಯಮದಂತೆ 4,680 ರೂ. ಜಮೆಯನ್ನು 60 ತಿಂಗಳಿಗೆ ಹಂಚಬೇಕು. ತಿಂಗಳಿಗೆ 78 ರೂ. ಆ ತಿಂಗಳ ವಹಿವಾಟಿನಲ್ಲಿ ವಿನಾಯಿತಿಯ ಪಾಲು ಶೇ. 70 ಇದ್ದರೆ 54 ರೂ. 60 ಪೈಸೆಯನ್ನು ಹಿಂದಿರುಗಿಸಬೇಕು. ಐದು ವರ್ಷವೂ ಅದೇ ಪ್ರಮಾಣವಿದ್ದರೆ ಗಿರಣಿಗೆ ಉಳಿಯುವ ಜಮೆ 1,404 ರೂ. ಮಾತ್ರ. ಮೊತ್ತ ಚಿಕ್ಕದೆಂದು ಇದನ್ನು ಬಿಟ್ಟವರು ಯಂತ್ರೋಪಕರಣಗಳ ದೊಡ್ಡ ಬಿಲ್ಲಿನಲ್ಲಿಯೂ ಬಿಟ್ಟಿರುವ ಸಂಭವವುಂಟು. ಅದು ಬೆಳಕಿಗೆ ಬರುವಾಗ ಬಡ್ಡಿಯೊಂದಿಗೆ ಬರುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ

ತಿಂಗಳಿಗೆ ಹತ್ತಿಪ್ಪತ್ತು ಖರೀದಿ ಬಿಲ್ಲುಗಳಿರುವ ಅಂಗಡಿಗೆ ಈ ಏರ್ಪಾಡು ಅನಗತ್ಯ. ಕಾಗದದ ಮೇಲೆ ಪಟ್ಟಿಯನ್ನು ಮುದ್ರಿಸಿ ಪೆನ್ಸಿಲಿನಿಂದ ಗುರುತು ಹಾಕಿದರೂ ಸಾಕು. ಬಿಲ್ಲುಗಳು ನೂರರ ಸಂಖ್ಯೆಯಲ್ಲಿರುವ ಸಗಟು ವ್ಯಾಪಾರಿ, ಎರಡು ಊರುಗಳಲ್ಲಿ ವ್ಯವಹಾರ ಇಟ್ಟವರು, ಹಲವರ ಲೆಕ್ಕ ನೋಡುವ ಲೆಕ್ಕಿಗರು ಇದನ್ನು ಪರಿಗಣಿಸಬಹುದು. ಕೈತಪ್ಪಿ ಹೋಗಬಹುದಾಗಿದ್ದ 18,000 ರೂಪಾಯಿಯ ಎರಡು ಜಮೆಗಳು ಸಿಕ್ಕರೂ ಮೇಲಿನ ಉದಾಹರಣೆಯ ಪೂರ್ತಿ ವೆಚ್ಚ ಹಿಂದಿರುಗಿದಂತೆಯೇ.

ಆದರೆ ಪರದೆಗಳು ತಾವಾಗಿ ತಪ್ಪನ್ನು ಹುಡುಕುವುದಿಲ್ಲ. ಎಡದ ಪರದೆಯಲ್ಲಿ 2ಬಿ ತೆರೆದಿಟ್ಟು ನಡುವಿನದರಲ್ಲಿ ಕ್ರಿಕೆಟ್ ನೋಡಿದರೆ ಒಂದು ಪರದೆಯಷ್ಟೂ ಲಾಭವಾಗದು. ಮೊದಲು ಲ್ಯಾಪ್‌ಟಾಪಿನ ಕಿಂಡಿಯನ್ನು ತಿಳಿದುಕೊಂಡು ಡಾಕನ್ನು ಆರಿಸಬೇಕು, ಆನಂತರ ಪ್ರತಿ ದಾಖಲೆಗೂ ಒಂದು ಸ್ಥಾನವನ್ನು ನಿಗದಿಪಡಿಸಬೇಕು, ಪ್ರತಿ ತಿಂಗಳ 14ರ ಮರುದಿನವೇ ತಾಳೆ ನೋಡಲು ಕೂರಬೇಕು. ಗಾದಿಯ ಮೇಲೆ ಮೂರು ಪುಸ್ತಕಗಳನ್ನು ಹರಡಿಕೊಂಡು ಸಂಜೆಯೊಳಗೆ ಕೀರ್ದಿಯನ್ನು ಮುಗಿಸಿಯೇ ಏಳುತ್ತಿದ್ದ ಗುಮಾಸ್ತನ ಶಿಸ್ತಿಗೆ ಪರ್ಯಾಯವಾದ ಯಂತ್ರ ಇನ್ನೂ ಬಂದಿಲ್ಲ. ಅವನಿಗಿದ್ದ ಅಗಲವಾದ ಜಾಗವನ್ನು ಮಾತ್ರ ಡಾಕಿಂಗ್ ಸ್ಟೇಷನ್ ಮರಳಿ ಕೊಡುತ್ತದೆ. ಆ ಜಾಗವನ್ನು ಸದುಪಯೋಗಪಡಿಸಿಕೊಳ್ಳುವುದು ವರ್ತಕ ಬಾಂಧವರ ಮತ್ತು ಅವರ ಲೆಕ್ಕಿಗರ ಕೈಯಲ್ಲಿದೆ.